ಗೋಡೆ ಮೇಷ್ಟ್ರ ಫೋರ್‌ಹ್ಯಾಂಡ್

ಮೂವತ್ತೊಂದು ವರ್ಷ ಒಂದೇ ಕ್ಲಬ್ಬಿನಲ್ಲಿ ಟೆನಿಸ್ ಕಲಿಸಿದವರ ಫೋರ್‌ಹ್ಯಾಂಡ್ ಹೊಡೆತವನ್ನು ಅವರಿಗೆ ಹೇಳದೆ ಕ್ಯಾಮೆರಾದಲ್ಲಿ ಹಿಡಿದು, ತಲೆ ಬರುವ ಭಾಗವನ್ನು ಕತ್ತರಿಸಿ, ಸಭಾಂಗಣದ ಗೋಡೆಯ ಮೇಲೆ ಆಳೆತ್ತರ ಮಾಡಿ ತೋರಿಸಿ, ಕೆಳಗೆ ಕೆಂಪು ಅಕ್ಷರದಲ್ಲಿ ‘ತಪ್ಪು ಒಂದು’ ಎಂದು ಬರೆದರು.

ಶನಿವಾರ ಸಂಜೆ ಆರು ಗಂಟೆ. ನಲವತ್ತು ಕುರ್ಚಿ, ನಲವತ್ತೂ ತುಂಬಿದ್ದವು. ಆ ಕುರ್ಚಿಗಳನ್ನು ಮಧ್ಯಾಹ್ನ ಸಾಲು ಹಿಡಿದು ಜೋಡಿಸಿದವರು ಗೋಡೆ ಮೇಷ್ಟ್ರೇ. ಜೋಡಿಸಿ, ತಾವು ಕೂರದೆ, ಬಾಗಿಲ ಪಕ್ಕದ ನೀರಿನ ಫಿಲ್ಟರಿಗೆ ಒರಗಿ ನಿಂತಿದ್ದರು. ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಕೂರಿ ಎಂದೂ ಯಾರೂ ಹೇಳಿರಲಿಲ್ಲ.

ಅದು ತಾವೇ ಎಂದು ಮೊದಲು ಅವರಿಗೆ ತಿಳಿಯಲಿಲ್ಲ. ತಲೆಯಿಲ್ಲದ ಯಾವನೋ ಮುದುಕ ಮೆಲ್ಲಗೆ ಹೆಜ್ಜೆ ಹಾಕಿ, ತೋಳನ್ನು ಅರ್ಧಕ್ಕೇ ನಿಲ್ಲಿಸಿ, ಚೆಂಡನ್ನು ಹೊಡೆಯುವ ಬದಲು ಮಗುವಿನ ಬೆನ್ನು ತಟ್ಟಿದಂತೆ ತಟ್ಟುತ್ತಿದ್ದ. ಪಾಪ, ಯಾರಿವನು, ಭುಜ ಹಿಡಿದುಕೊಂಡಿದೆಯೋ ಏನೋ ಅಂದುಕೊಂಡರು. ಆಮೇಲೆ ಬಲ ಮೊಣಕಾಲಿನ ಕಂದು ಪಟ್ಟಿ ಕಣ್ಣಿಗೆ ಬಿತ್ತು. ಎಡಗಾಲಿನ ಬೂಟಿನ ತುದಿಗೆ ಹೆಂಡತಿ ರ‍್ಯಾಕೆಟ್ಟಿನ ತಂತಿಯಿಂದಲೇ ಹಾಕಿಕೊಟ್ಟಿದ್ದ ಏಳು ಹೊಲಿಗೆ, ಗೋಡೆಯ ಮೇಲೆ ಒಂದೊಂದೂ ಗೇಣುದ್ದ. ಮೇಷ್ಟ್ರು ತಲೆ ಬಗ್ಗಿಸಿ ತಮ್ಮ ಕಾಲು ನೋಡಿಕೊಂಡರು. ಏಳು ಹೊಲಿಗೆ.

ಮೊಣಕೈ ತಾಗಿ ಫಿಲ್ಟರಿನ ಕೊಳಾಯಿ ತಿರುಗಿದ್ದೂ, ನೀರು ಪ್ಯಾಂಟಿನ ಮೇಲೆ ಸುರಿಯುತ್ತಿದ್ದದ್ದೂ ಗೊತ್ತಾಗಲಿಲ್ಲ.

ಚಿತ್ರದ ಪಕ್ಕದಲ್ಲಿ ಹೊಸ ಕೋಚ್ ನಿಂತಿದ್ದಳು. ಇಪ್ಪತ್ತೇಳರ ಹೆಣ್ಣು, ಕ್ಲಬ್ಬಿಗೆ ಬಂದು ಎರಡು ತಿಂಗಳಾಗಿತ್ತು. ಅವಳ ಕೈಯಲ್ಲಿದ್ದ ಬೆಳಕಿನ ಕಡ್ಡಿಯಿಂದ ಹೊರಟ ಕೆಂಪು ಚುಕ್ಕೆ ತಲೆಯಿಲ್ಲದವನ ಮಣಿಕಟ್ಟಿನ ಮೇಲೆ ನೊಣದಂತೆ ಕೂತಿತು.

“ಇಲ್ಲಿ ನೋಡಿ. ಭುಜ ತಿರುಗಿಲ್ಲ. ಸೊಂಟ ಸತ್ತುಹೋಗಿದೆ. ರ‍್ಯಾಕೆಟ್ಟು ಚೆಂಡಿನ ಕೆಳಗೆ ಇಳಿದೇ ಇಲ್ಲ, ಹಾಗಾಗಿ ಚೆಂಡು ಸುತ್ತಲ್ಲ. ಇವರಿಗೆ ಯಾರೋ ಐವತ್ತು ವರ್ಷ ಹಿಂದಿನ ಪಾಠ ಹೇಳಿಕೊಟ್ಟಿದ್ದಾರೆ. ಇವರ ತಪ್ಪಲ್ಲ ಅದು.”

“ಚೆಂಡಿಗೆ ನೋವಾಗುತ್ತೆ ಅಂತ ಹೆದರಿಕೊಂಡಿದ್ದಾನೆ ಪಾಪ,” ಎಂದ ಮುಂದಿನ ಸಾಲಿನ ಔಷಧಿ ಅಂಗಡಿಯವನು.

ಸಭೆ ನಕ್ಕಿತು. ಕೆಟ್ಟ ನಗೆಯೇನಲ್ಲ, ಚಹಾ ಕುಡಿದು ಕಾಲು ಚಾಚಿ ಕೂತವರ ಹಗುರ ನಗೆ. ಹಲ್ಲಿನ ಡಾಕ್ಟರಮ್ಮನೂ ನಕ್ಕಳು. ಹನ್ನೆರಡು ವರ್ಷದಿಂದ ವಾರಕ್ಕೆ ಮೂರು ಬೆಳಿಗ್ಗೆ ಆ ಕೈ ಕೊಟ್ಟ ಚೆಂಡನ್ನು ಹೊಡೆದವಳು ಆ ಕೈಯನ್ನು ಗುರುತಿಸಲಿಲ್ಲ.

ಅದು ಯಾರೆಂದು ಗೊತ್ತಿದ್ದವನು ಒಬ್ಬನೇ, ಕ್ಲಬ್ಬಿನ ಕಾರ್ಯದರ್ಶಿ. ಅವನು ಚಿತ್ರ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದ. ಮೇಷ್ಟ್ರ ಕಣ್ಣಿಗೆ ಕಣ್ಣು ಸಿಕ್ಕೊಡನೆ ತುಟಿಯ ಮೇಲೆ ಬೆರಳಿಟ್ಟು, ತಮಾಷೆಗೆ ಎಂಬಂತೆ ಕಣ್ಣು ಮಿಟುಕಿಸಿದ.

ಗೋಡೆ ಮೇಷ್ಟ್ರು ಎಂಬ ಹೆಸರು ಬಂದದ್ದು ನಾಲ್ಕನೆಯ ಕೋರ್ಟಿನ ಹಿಂದಿನ ಸಿಮೆಂಟು ಗೋಡೆಯಿಂದ. ಹತ್ತಡಿ ಎತ್ತರ, ನೆಟ್ಟಿನ ಮಟ್ಟಕ್ಕೆ ಒಂದು ಬಿಳಿ ಗೆರೆ. ಹೊಸದಾಗಿ ಸೇರಿದವರು ಯಾರೇ ಇರಲಿ, ಜಡ್ಜ್ ಸಾಹೇಬರೇ ಇರಲಿ, ಮೊದಲ ತಿಂಗಳು ಆ ಗೋಡೆಯ ಜೊತೆ ಆಡಬೇಕು. “ಗೋಡೆಗೆ ದಾಕ್ಷಿಣ್ಯ ಇಲ್ಲ ಸರ್. ಏನು ಕೊಡ್ತೀರೋ ಅದನ್ನೇ ವಾಪಸ್ ಕೊಡುತ್ತೆ,” ಎನ್ನುತ್ತಿದ್ದರು. ಕೋರ್ಟು ಸರಿಯಿಲ್ಲ, ಚೆಂಡು ಹಳೆಯದು ಎಂದು ಯಾರಾದರೂ ಗೊಣಗಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೇಳುತ್ತಿದ್ದರು. ಆದರೆ ಮೆಲ್ಲಗೆ, ಗೋಡೆಗೆ ಮಾತ್ರ ಕೇಳುವಂತೆ.

ಅವರ ಪಾಠ ಹಳೆಯ ಪಾಠ. ರ‍್ಯಾಕೆಟ್ಟಿನ ಹಿಡಿಯನ್ನು ಕೈಕುಲುಕಿದಂತೆ ಹಿಡಿ. ಅಡ್ಡಕ್ಕೆ ತಿರುಗಿ ನಿಲ್ಲು. ಮುಂಗಾಲನ್ನು ಚೆಂಡಿನೊಳಕ್ಕೆ ಇಡು. ಹೊಡೆದ ಮೇಲೆ ಕೈಯನ್ನು ಥಟ್ಟನೆ ಎಳೆದುಕೊಳ್ಳಬೇಡ. ಮನೆಗೆ ಬಂದವರನ್ನು ಗೇಟಿನ ತನಕ ಬಿಟ್ಟು ಬರುತ್ತೀಯಲ್ಲ, ಹಾಗೆ ಚೆಂಡನ್ನು ದೂರದವರೆಗೆ ಕಳಿಸಿ ಬಾ. ಹೊಸ ಕೋಚಿನ ಪಾಠ ಬೇರೆ. ಹಿಡಿಯ ಅಡಿಗೆ ಅಂಗೈ ತಾ, ನೆಟ್ಟಿಗೆ ಎದೆ ಕೊಟ್ಟು ನಿಲ್ಲು, ಸೊಂಟ ತಿರುಚಿ ಬಿಡು, ಕಾರಿನ ಗಾಜು ಒರೆಸುವ ಕಡ್ಡಿಯಂತೆ ಕೆಳಗಿನಿಂದ ಮೇಲಕ್ಕೆ ಬೀಸು. ಚೆಂಡು ಬುಗುರಿಯಂತೆ ಸುತ್ತುತ್ತ ನೆಟ್ಟಿನ ಮೇಲೆ ಎತ್ತರಕ್ಕೆ ಹೋಗಿ, ಗೆರೆಯೊಳಗೆ ಕಲ್ಲಿನಂತೆ ಬೀಳುತ್ತದೆ. ಆಕೆ ಬಂದ ಮೊದಲ ವಾರ ಹದಿನಾರರ ಹುಡುಗಿಯೊಬ್ಬಳು ಹಾಗೆ ಹೊಡೆಯುವುದನ್ನು ಮೇಷ್ಟ್ರು ಗೇಟಿನ ಬಳಿ ನಿಂತು ಅರ್ಧ ಗಂಟೆ ನೋಡಿದ್ದರು. ಹೊಸದು ಸುಳ್ಳು ಎಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಆದರೆ ಐವತ್ತೈದು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕೂತು ಬಂದ ಸೊಂಟಗಳನ್ನೂ ಅದೇ ತಿರುಚಿಗೆ ಹಾಕಿದ ಎರಡೇ ತಿಂಗಳಲ್ಲಿ ಏಳು ಮೊಣಕೈಗಳಿಗೆ ನೋವಿನ ಕಪ್ಪು ಪಟ್ಟಿ ಬಿತ್ತು. ಎಣಿಸಿದವರು ಮೇಷ್ಟ್ರೊಬ್ಬರೇ. ಅವರನ್ನು ಕೇಳಿದವರು ಯಾರೂ ಇಲ್ಲ.

ಕ್ಲಬ್ಬಿಗೆ ಬರುವ ಮೊದಲು ಅವರು ಒಂದು ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದರು. ಆಗ ಅವರ ಫೋರ್‌ಹ್ಯಾಂಡಿಗೆ ಒಂದು ಸದ್ದಿತ್ತು. ಒಣ ಸೌದೆ ಒಂದೇ ಏಟಿಗೆ ಸೀಳಿದ ಸದ್ದು. ಪಕ್ಕದ ಕೋರ್ಟಿನವರು ಆಟ ನಿಲ್ಲಿಸಿ ತಿರುಗುತ್ತಿದ್ದರು. ಕಾರ್ಖಾನೆ ಮುಚ್ಚಿತು. ಕ್ಲಬ್ಬಿನ ಕೆಲಸ ಕೇಳಿಕೊಂಡು ಬಂದ ದಿನ ಆಗಿನ ಕಾರ್ಯದರ್ಶಿ, ಅಂದರೆ ಈಗಿನವನ ಅಪ್ಪ, ತಾವೇ ಎರಡು ಗೇಮ್ ಆಡಿ ನೋಡಿದ್ದರು. ಎರಡರಲ್ಲೂ ಒಂದು ಪಾಯಿಂಟೂ ಸಿಗದೆ, ಟವಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಹೇಳಿದ್ದರು: “ಚೆನ್ನಾಗಿ ಆಡ್ತೀಯ ಕಣಯ್ಯ. ಕೆಲಸ ನಿಂದೇ. ಆದ್ರೆ ಒಂದು ನೆನಪಿಟ್ಕೊ. ಇಲ್ಲಿ ಸದಸ್ಯರು ಬೆವರಬೇಕು, ಸೋಲಬಾರದು.”

ಅಂದಿನಿಂದ ಮೇಷ್ಟ್ರು ಚೆಂಡನ್ನು ಊಟದಂತೆ ಬಡಿಸತೊಡಗಿದರು. ಡಾಕ್ಟರಮ್ಮನಿಗೆ ಬಲಗಡೆ ಒಂದೂವರೆ ಹೆಜ್ಜೆಗೆ, ಸೊಂಟದ ಎತ್ತರಕ್ಕೆ. ಔಷಧಿ ಅಂಗಡಿಯವನಿಗೆ ಹೊಟ್ಟೆ ಅಡ್ಡ ಬರುವುದರಿಂದ ಇನ್ನೊಂದು ಗೇಣು ಆಚೆಗೆ. ಜಡ್ಜ್ ಸಾಹೇಬರಿಗೆ ನಿಂತಲ್ಲಿಗೇ. ತೋಳು ಪೂರ್ತಿ ಬೀಸಿದರೆ ಎದುರಿನವರಿಗೆ ಚೆಂಡು ಎಟುಕದು, ಆದ್ದರಿಂದ ಅರ್ಧಕ್ಕೇ ನಿಲ್ಲಿಸು. ಸೊಂಟ ತಿರುಗಿಸಿದರೆ ವೇಗ ಬರುತ್ತದೆ, ಆದ್ದರಿಂದ ಸೊಂಟ ಕಟ್ಟಿಹಾಕು. ಗೇಟಿನ ತನಕ ಬಿಟ್ಟು ಬಾ ಎಂದು ಬಾಯಿ ಹೇಳುತ್ತಿತ್ತು, ಕೈ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ, ಮೂವತ್ತೊಂದು ವರ್ಷ.

ಆ ಶನಿವಾರ ರಾತ್ರಿ ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಹೆಂಡತಿ ತಂತಿ ಕಟ್ಟುವ ಯಂತ್ರದ ಮುಂದೆ ಕೂತಿದ್ದಳು. ಕ್ಲಬ್ಬಿನ ರ‍್ಯಾಕೆಟ್ಟುಗಳಿಗೆ ತಂತಿ ಕಟ್ಟುವುದು ಇಪ್ಪತ್ತು ವರ್ಷದಿಂದ ಅವಳ ಕಸುಬು. ಹರಿದ ಜಾಗ ನೋಡಿಯೇ ಆಡಿದವರ ಜಾತಕ ಹೇಳುವವಳು: ಚೌಕಟ್ಟಿನ ಹತ್ತಿರ ಹರಿದಿದ್ದರೆ ಕಣ್ಣು ಚೆಂಡಿನ ಮೇಲಿಲ್ಲದವರು, ನಟ್ಟನಡುವೆ ಹರಿದಿದ್ದರೆ ಆಟ ಬಲ್ಲವರು. ಮೇಷ್ಟ್ರು ಕಾರ್ಖಾನೆಯ ಕಾಲದಲ್ಲಿ ಗೆದ್ದ ಒಂದೇ ಒಂದು ಬಹುಮಾನದ ಕಪ್ಪು ಅವಳ ಮೊಣಕಾಲ ಬಳಿ ಇತ್ತು. ಕತ್ತರಿಸಿದ ತಂತಿಯ ತುಂಡುಗಳಿಗೆ ಅದೇ ಡಬ್ಬ.

“ಏನ್ರೀ, ಪ್ಯಾಂಟೆಲ್ಲ ಒದ್ದೆ? ಮುಖ ನೋಡಿದ್ರೆ ಯಾರನ್ನೋ ಕಳಿಸಿ ಬಂದ ಹಾಗಿದೆ.”

“ನನ್ನ ಹೊಡೆತ ತೋರಿಸಿದ್ರು. ಗೋಡೆ ಮೇಲೆ, ದೊಡ್ಡದಾಗಿ.”

“ಒಳ್ಳೇದೇ ಆಯ್ತಲ್ಲ. ಇಷ್ಟು ವರ್ಷ ಆದ ಮೇಲಾದ್ರೂ.”

“ತಪ್ಪು ಅಂತ ತೋರಿಸಿದ್ರು. ತಲೆ ಕತ್ತರಿಸಿ.”

ಅವಳ ಕೈ ಯಂತ್ರದ ಮೇಲೇ ನಿಂತಿತು. ಎಳೆದ ತಂತಿ ಬಿಗಿಯಾಗಿ ಹಾಗೇ ಉಳಿಯಿತು.

“ತಲೆ ಯಾಕೆ ಕತ್ತರಿಸಿದ್ರು?”

“ಗೊತ್ತಿಲ್ಲ.”

“ನನಗೆ ಗೊತ್ತು. ತಲೆ ಇದ್ದಿದ್ರೆ ಅದು ಮನುಷ್ಯ ಆಗಿಬಿಡ್ತಿತ್ತು. ಬರೀ ಕೈಕಾಲಿನ ಕೆಳಗೆ ತಪ್ಪು ಅಂತ ಬರೆಯೋದು ಸುಲಭ.” ತಂತಿಯನ್ನು ಗೂಟಕ್ಕೆ ಸಿಕ್ಕಿಸಿ ತಿರುಗಿದಳು. “ಎಲ್ಲಿ, ಹೇಗಿತ್ತು ಆ ಹೊಡೆತ? ತೋರಿಸಿ.”

ಮೇಷ್ಟ್ರು ಖಾಲಿ ಕೈಯಲ್ಲೇ ತೋರಿಸಿದರು. ಅರ್ಧ ತೋಳು, ಸತ್ತ ಸೊಂಟ, ಬೆನ್ನು ತಟ್ಟುವ ಅಂಗೈ.

“ಅಯ್ಯೋ ನಿಮ್ಮ. ಅದು ನಿಮ್ಮ ಹೊಡೆತ ಅಲ್ಲವಲ್ರೀ. ಅದು ಬಡಿಸೋ ಕೈ. ಬಡಿಸೋನ ಕೈ ನೋಡಿ ಇವನಿಗೆ ಉಣ್ಣೋಕೆ ಬರಲ್ಲ ಅಂದ್ರಾ?”

ಹೌದಲ್ಲ. ಅಷ್ಟು ಹೊತ್ತು ಮೇಷ್ಟ್ರಿಗೇ ಅದು ಹೊಳೆದಿರಲಿಲ್ಲ. ಗೋಡೆಯ ಮೇಲೆ ತಪ್ಪು ಎಂದು ಬರೆದದ್ದು ಅವರು ಕಲಿಸಿದ ಪಾಠಕ್ಕಲ್ಲ, ಆ ಪಾಠ ಕಲಿಯಲೆಂದು ಎದುರಿನವರಿಗೆ ಹದ ಮಾಡಿ ಕೊಟ್ಟ ಚೆಂಡಿಗೆ. ತಮ್ಮ ಹೊಡೆತ ತಮ್ಮ ಬಳಿಯೇ ಇದೆ. ಅದನ್ನು ಅವರು ನೋಡಿಯೇ ಇಲ್ಲ.

“ಎದ್ದು ನಿಂತು ಹಾಗಂತ ಹೇಳಬೇಕಿತ್ತು ನೀವು.”

“ನಲವತ್ತು ಜನ ಕೂತಿದ್ರು ಕಣೇ.”

“ಆ ನಲವತ್ತು ಜನಕ್ಕೂ ಕುರ್ಚಿ ಹಾಕಿದ್ದು ಯಾರು? ಎದ್ದು ನಿಲ್ಲೋದೇನು, ನೀವು ನಿಂತೇ ಇದ್ರಿ ತಾನೆ.” ಕತ್ತರಿ ಹುಡುಕುತ್ತ, ಸುಮ್ಮನೆ ನೆನಪಾದಂತೆ ಹೇಳಿದಳು: “ಒಂದು ವಿಷಯ. ಇಪ್ಪತ್ತು ವರ್ಷದಲ್ಲಿ ನಿಮ್ಮ ರ‍್ಯಾಕೆಟ್ಟಿನ ತಂತಿ ಹರಿದಿದ್ದು ನಾನು ನೋಡೇ ಇಲ್ಲ. ಸವೆದು, ಸತ್ತು, ಸಡಿಲ ಆಗಿದ್ದನ್ನ ಬಿಚ್ಚಿದ್ದೀನಿ. ಹರಿದಿದ್ದು ಒಂದೂ ಇಲ್ಲ.”

“ತಂತಿ ಉಳಿಸಿದ್ದಕ್ಕೂ ಬೈಸಿಕೋಬೇಕಾ,” ಎಂದು ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ.

ಸೋಮವಾರ ಬೆಳಿಗ್ಗೆ ಕಾರ್ಯದರ್ಶಿ ಕರೆಸಿದ. ಅವನಿಗೆ ಮೊದಲ ರ‍್ಯಾಕೆಟ್ ಹಿಡಿಸಿದವರು ಮೇಷ್ಟ್ರೇ. ಆಗ ಹನ್ನೊಂದರ ಪೋರ, ಗೋಡೆಯಿಂದ ಚೆಂಡು ಎದೆಗೆ ಬಂದು ಬಡಿದಾಗ ಅವರ ಕಾಲು ತಬ್ಬಿಕೊಂಡು ಅತ್ತಿದ್ದ. ಈಗ ಅವನ ಮೇಜಿನ ಮೇಲೆ ಎರಡು ಹೊಸ ಅಂಗಿ ಹರಡಿದ್ದವು. ಬೂದು ಬಣ್ಣದ್ದರ ಎದೆಯ ಮೇಲೆ ‘ಅಂದು’, ಕೆಂಪು ಬಣ್ಣದ್ದರ ಮೇಲೆ ‘ಇಂದು’.

“ಬೇಜಾರು ಮಾಡ್ಕೊಂಡ್ರಾ ಮೇಷ್ಟ್ರೇ? ಎರಡನೇ ಕೋರ್ಟಿನ ಕಂಬದ ಕ್ಯಾಮೆರಾದಲ್ಲಿ ಬಂದಿತ್ತು, ಹಾಕಿದ್ವಿ. ಇನ್ನೇನು ಮಾಡೋದು ಹೇಳಿ. ಸದಸ್ಯರ ಚಿತ್ರ ಹಾಕೋಕಾಗುತ್ತಾ? ಅವಮಾನ ಆಗಲ್ವಾ ಅವರಿಗೆ?”

ಆ ಮಾತಿಗಿಂತ ಹೆಚ್ಚಾಗಿ ಮೇಷ್ಟ್ರನ್ನು ದಂಗುಬಡಿಸಿದ್ದು ಅದನ್ನು ಆಡಿದವನ ಮುಖ. ಅಲ್ಲಿ ಕುಹಕವಿರಲಿಲ್ಲ. ನ್ಯಾಯವಾದ ಪ್ರಶ್ನೆ ಕೇಳಿದವನ ಹಾಗೆ ಉತ್ತರಕ್ಕೆ ಕಾಯುತ್ತಿದ್ದ.

“ಅದು ನನ್ನ ಹೊಡೆತ ಅಲ್ಲ ಸರ್. ನಿಮಗೆಲ್ಲ ಚೆಂಡು ಕೊಡೋ ಹೊಡೆತ.”

“ಎರಡಕ್ಕೂ ಏನು ವ್ಯತ್ಯಾಸ? ಹೊಡೆದಿದ್ದು ನೀವೇ ತಾನೆ.” ಬೂದು ಅಂಗಿಯನ್ನು ಅವರ ಕಡೆ ತಳ್ಳಿದ. “ಭಾನುವಾರ ಹೊಸದಾಗಿ ಸೇರೋರನ್ನ ಕರೆದಿದ್ದೀವಿ. ಅಂದು ನೀವು, ಇಂದು ಆಕೆ. ನಾಲ್ಕು ಚೆಂಡು ನಿಮ್ಮ ಥರ ಕೊಡಿ. ಆಮೇಲೆ ಮೈಕಿನಲ್ಲಿ ಒಂದೇ ಮಾತು. ‘ಇಷ್ಟು ವರ್ಷ ನಾನು ತಪ್ಪು ಕಲಿಸಿದೆ, ಇನ್ಮೇಲೆ ನಾನೂ ಕಲೀತೀನಿ.’ ಜನ ನಗ್ತಾರೆ, ಚಪ್ಪಾಳೆ ತಟ್ತಾರೆ, ಮುಗೀತು.”

“ಹೇಳದಿದ್ರೆ?”

“ಯಾಕೆ ಹೇಳಲ್ಲ? ಹೇಳಿದ್ರೆ ನಿಮ್ಮ ಕೆಲಸ ಹೀಗೇ ಇರುತ್ತೆ, ಚೆಂಡು ಕೊಡೋಕೆ ಯಾರಾದ್ರೂ ಬೇಕೇ ಬೇಕಲ್ಲ. ಇಲ್ಲಾಂದ್ರೆ ವಿಶ್ರಾಂತಿ ತಗೊಳ್ಳಿ, ವಯಸ್ಸೂ ಆಯ್ತು. ಹೇಗೂ ಆ ಗೋಡೆ ಕೆಡವ್ತಾ ಇದ್ದೀವಿ. ಕಾರು ನಿಲ್ಸೋಕೆ ಜಾಗ ಸಾಲ್ತಿಲ್ಲ.”

“ಆಯ್ತು ಸರ್,” ಎಂದಿತು ಬಾಯಿ.

ಮೆಟ್ಟಿಲಿಳಿದು ಎರಡನೇ ಕೋರ್ಟು ದಾಟಿದ ಮೇಲೆ ಆ ‘ಆಯ್ತು’ ಅವರ ಕಿವಿಗೆ ಬಿತ್ತು. ಯಾರು ಅಂದದ್ದು ಅದು? ಕಂಕುಳಲ್ಲಿ ಬೂದು ಅಂಗಿ ಇತ್ತು.

ಗುರುವಾರ ಬೆಳಿಗ್ಗೆ, ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ಮೇಷ್ಟ್ರು ಉದ್ದನೆಯ ಕುಂಚದಿಂದ ಕೋರ್ಟಿನ ಗೆರೆಗಳ ಮೇಲಿನ ಮಣ್ಣು ಗುಡಿಸುತ್ತಿದ್ದರು. ಹೊಸ ಕೋಚ್ ಬಂದು ಎದುರು ನಿಂತಳು. ಮುಖ ನೋಡಲಿಲ್ಲ, ಕಾಲು ನೋಡಿದಳು.

“ಮೇಷ್ಟ್ರೇ, ಈ ಬೂಟು ನಿಮ್ಮದೇನಾ?”

“ಹೌದಮ್ಮ. ನನ್ನ ಕಾಲಲ್ಲಿದೆಯಲ್ಲ.”

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. “ನನಗೆ ತಲೆ ಇಲ್ಲದ ಚಿತ್ರ ಕೊಟ್ರು. ಯಾರೋ ಹಳೇ ಸದಸ್ಯರು ಅಂದ್ರು. ನಾನು ಅಷ್ಟು ಜನರ ಎದುರಿಗೆ…” ಅವಳ ಕಣ್ಣು ಮತ್ತೆ ಆ ಹೊಲಿಗೆಗಳ ಮೇಲೆ ಹೋಯಿತು. “ನಿನ್ನೆ ನಿಮ್ಮ ಬೂಟು ನೋಡಿ ಅನುಮಾನ ಬಂತು, ಕಾರ್ಯದರ್ಶಿ ಹತ್ರ ಹೋಗಿ ಆ ಚಿತ್ರ ತೆಗೆದುಹಾಕ್ತೀನಿ ಅಂದೆ. ಭಾನುವಾರ ಮುಗಿದ ಮೇಲೆ ತೆಗೀರಿ ಅಂದ್ರು.”

“ನಿನ್ನ ತಪ್ಪಿಲ್ಲ ಬಿಡಮ್ಮ. ಆದ್ರೆ ಆ ಸೊಂಟ ಸತ್ತಿಲ್ಲ. ಕಟ್ಟಿಹಾಕಿದ್ದು.”

ಅವಳಿಗೆ ತಕ್ಷಣ ಅರ್ಥವಾಯಿತು. ಆಟ ಗೊತ್ತಿದ್ದವಳು. “ನೀವು ಚೆಂಡು ಕೊಡ್ತಾ ಇದ್ದದ್ದಾ ಅದು? ದೇವರೇ.” ಓಡಿಹೋಗಿ ಕ್ಯಾಮೆರಾ ತಂದು ಕಂಬಕ್ಕೆ ಸಿಕ್ಕಿಸಿದಳು. “ನಿಮ್ಮ ನಿಜವಾದ ಫೋರ್‌ಹ್ಯಾಂಡ್ ಹೊಡೀರಿ. ಭಾನುವಾರ ಅದನ್ನೇ ಗೋಡೆ ಮೇಲೆ ಹಾಕ್ತೀನಿ, ತಲೆ ಸಮೇತ. ಹಳೇದೋ ಹೊಸದೋ ಆಮೇಲೆ ಜಗಳ ಆಡೋಣ. ನನ್ನನ್ನ ಓಡಿಸಿ. ನನಗೆ ಚೆಂಡು ಸಿಗಬಾರದು.”

ಮೇಷ್ಟ್ರ ಮೈಯಲ್ಲಿ ಏನೋ ಎದ್ದಿತು. ಎಷ್ಟು ವರ್ಷವಾಗಿತ್ತು ಯಾರಾದರೂ ಈ ಮಾತು ಹೇಳಿ. ಮೊಣಕಾಲಿನ ಪಟ್ಟಿ ಬಿಗಿ ಮಾಡಿಕೊಂಡು ಹಿಂದಿನ ಗೆರೆಗೆ ಹೋಗಿ ನಿಂತರು.

ಅವಳು ಚೆಂಡು ಕಳಿಸಿದಳು. ಮೇಷ್ಟ್ರು ಅಡ್ಡಕ್ಕೆ ತಿರುಗಿದರು, ರ‍್ಯಾಕೆಟ್ಟು ಹಿಂದಕ್ಕೆ ಹೋಯಿತು, ಮುಂಗಾಲು ಒಳಕ್ಕೆ ಬಿತ್ತು. ಎಲ್ಲವೂ ಸರಿಯಾಗಿತ್ತು. ಚೆಂಡು ತಂತಿಗೆ ತಾಗುವ ಗಳಿಗೆಯಲ್ಲಿ ತೋಳು ಮೆತ್ತಗಾಯಿತು. ಚೆಂಡು ಹೋಗಿ ಅವಳ ಬಲಗಡೆ ಒಂದೂವರೆ ಹೆಜ್ಜೆಗೆ, ಸೊಂಟದ ಎತ್ತರಕ್ಕೆ ಬಂದು ನಿಂತಿತು.

“ಮೈ ಬಿಸಿಯಾಗಿಲ್ಲ,” ಎಂದರು ಮೇಷ್ಟ್ರು.

ಎರಡನೆಯದೂ ಅಲ್ಲಿಗೇ. ಮೂರನೆಯದೂ. ಅವಳು ಬೇಕೆಂದೇ ಎಡ ಮೂಲೆಗೆ ಹೋಗಿ ನಿಂತಳು. ಖಾಲಿ ಬಿದ್ದ ಬಲಭಾಗಕ್ಕೆ ಹೊಡೆದರೆ ಸಾಕಿತ್ತು. ಚೆಂಡು ಸಾಕಿದ ನಾಯಿಯಂತೆ ಅವಳ ಹಿಂದೆಯೇ ಎಡ ಮೂಲೆಗೆ ಹೋಯಿತು. ಅವಳು ಚೆಂಡಿನ ಡಬ್ಬವೊಂದನ್ನು ಬಲ ಮೂಲೆಯಲ್ಲಿಟ್ಟು, “ನನ್ನನ್ನ ನೋಡಬೇಡಿ, ಆ ಡಬ್ಬ ನೋಡಿ,” ಎಂದಳು. ಮೇಷ್ಟ್ರು ಡಬ್ಬ ನೋಡಿದರು, ಹಲ್ಲು ಕಚ್ಚಿದರು, ಸೊಂಟಕ್ಕೆ ಬೈದುಕೊಂಡರು. ಕಣ್ಣು ಡಬ್ಬದ ಮೇಲಿತ್ತು, ಚೆಂಡು ಅವಳ ರ‍್ಯಾಕೆಟ್ಟಿಗೆ ಹೋಗಿ ಕೂತಿತು. ಹತ್ತು. ಹದಿನೈದು. ಇಪ್ಪತ್ತನೆಯ ಚೆಂಡಿಗೆ ಅವರು ಬಾಯಿ ಬಿಟ್ಟು ಕೂಗಿಕೊಂಡೇ ಬೀಸಿದರು. ಅದೂ ಒಂದೂವರೆ ಹೆಜ್ಜೆಗೇ ಬಂತು. ಮುಂದಿನ ಹೊಡೆತಕ್ಕೆ ಅನುಕೂಲವಾಗಲೆಂದು, ಸ್ವಲ್ಪ ಎತ್ತರಕ್ಕೆ ಪುಟಿದು ಕೂಡ.

ಅವಳು ಅದನ್ನು ಹೊಡೆಯಲಿಲ್ಲ. ಚೆಂಡು ಅವಳ ಪಕ್ಕದಲ್ಲೇ ಪುಟಿಪುಟಿದು ನಿಂತಿತು. ನೆಟ್ಟಿನ ಬಳಿಗೆ ಬಂದಳು.

“ಬೇಕಂತ ಮಾಡ್ತಿದ್ದೀರಾ ಮೇಷ್ಟ್ರೇ?”

“ಇಲ್ಲಮ್ಮ.”

ಮೂವತ್ತೊಂದು ವರ್ಷದ ಹಿಂದೆ ಆ ಹೊಡೆತವನ್ನು ಒಳ್ಳೆಯ ಅಂಗಿಯಂತೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಬೇಕಾದ ದಿನ ತೆಗೆದು ತೊಡಬಹುದು ಎಂದುಕೊಂಡಿದ್ದರು. ಇಂದು ಪೆಟ್ಟಿಗೆ ತೆರೆದರೆ ಅಂಗಿಯಿಲ್ಲ. ನುಸಿ ತಿಂದ ಚೂರೂ ಇಲ್ಲ. ಮೇಷ್ಟ್ರು ತಮ್ಮ ಬಲಗೈಯನ್ನು ಬೇರೆಯವರ ಮನೆಯ ಮಗುವನ್ನು ನೋಡಿದಂತೆ ನೋಡಿದರು. ಯಾವಾಗ ಹೋಯಿತು ಅದು? ಯಾವ ಬೆಳಿಗ್ಗೆ, ಯಾರಿಗೆ ಕೊಟ್ಟ ಎಷ್ಟನೆಯ ಚೆಂಡಿಗೆ? ಹೋದಾಗ ಒಂದು ಸದ್ದಾದರೂ ಆಗಬೇಡವೇ?

“ಇದು ಹಳೇ ಹೊಡೆತಾನೂ ಅಲ್ಲ, ಹೊಸ ಹೊಡೆತಾನೂ ಅಲ್ಲ,” ಎಂದಳು ಅವಳು, ತನಗೆ ತಾನೇ ಹೇಳಿಕೊಂಡಂತೆ. “ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ. ಇದಕ್ಕೆ ಏನು ಹೆಸರು ಅಂತಾನೂ ಗೊತ್ತಿಲ್ಲ.”

“ನನಗೆ ಗೊತ್ತು. ಕೆಲಸ ಅಂತಾರೆ ಅದಕ್ಕೆ.”

ಅವಳು ಕಂಬದಿಂದ ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು.

ಶುಕ್ರವಾರ, ಶನಿವಾರ ಎರಡೂ ಬೆಳಿಗ್ಗೆ ಮೇಷ್ಟ್ರು ಗೋಡೆಯ ಬಳಿ ಹೋದರು. ಗೋಡೆಗೆ ಹೊಟ್ಟೆಯಿಲ್ಲ, ನೋಯುವ ಮೊಣಕೈಯಿಲ್ಲ, ಅದನ್ನು ಗೆಲ್ಲಿಸಬೇಕಾಗಿಲ್ಲ. ಅಲ್ಲಾದರೂ ಕೈ ಬಿಚ್ಚಿಕೊಳ್ಳಬಹುದು ಎಂಬ ಆಸೆ. ನೂರು ಹೊಡೆದರು, ಇನ್ನೂರು ಹೊಡೆದರು. ದಾಕ್ಷಿಣ್ಯವಿಲ್ಲದ ಗೋಡೆ ಕೊಟ್ಟದ್ದನ್ನೇ ವಾಪಸ್ ಕೊಟ್ಟಿತು. ಸೊಂಟದ ಎತ್ತರಕ್ಕೆ, ಮೆತ್ತಗೆ, ಬಲಗಡೆ ಒಂದೂವರೆ ಹೆಜ್ಜೆಗೆ.

“ಹೋಗ್ಲೇಬೇಕಾ ನಾಳೆ?” ಎಂದು ಕೇಳಿದಳು ಹೆಂಡತಿ.

“ಆಯ್ತು ಅಂದುಬಿಟ್ಟಿದ್ದೀನಿ.”

“ನೀವು ಆಯ್ತು ಅನ್ನದ ದಿನ ಯಾವುದು ಹೇಳಿ,” ಎಂದವಳು ಅವರ ರ‍್ಯಾಕೆಟ್ಟಿನ ಸತ್ತ ತಂತಿಗಳನ್ನು ಕತ್ತರಿಸಿ ಆ ಬಹುಮಾನದ ಕಪ್ಪಿನೊಳಗೆ ಹಾಕಿ, ಹೊಸದು ಕಟ್ಟಿಕೊಟ್ಟಳು.

ಭಾನುವಾರ ಹತ್ತು ಗಂಟೆಗೆ ಎರಡನೆಯ ಕೋರ್ಟಿನ ಸುತ್ತ ನೂರು ಜನ. ಬೂದು ಅಂಗಿ ಕಂಕುಳಲ್ಲಿ ಬಿಗಿಯುತ್ತಿತ್ತು. ಹೊಸ ಕೋಚ್ ನೆಟ್ಟಿನ ಪಕ್ಕ ನಿಂತಿದ್ದಳು. ಕೆಂಪು ಅಂಗಿಯನ್ನು ತೊಟ್ಟಿರಲಿಲ್ಲ, ಮಡಿಸಿದಂತೆಯೇ ಕೈಯಲ್ಲಿ ಹಿಡಿದಿದ್ದಳು. ಕಾರ್ಯದರ್ಶಿ ಎರಡು ಸಲ ಸನ್ನೆ ಮಾಡಿದ. ಅವಳು ಬೇರೆ ಕಡೆ ನೋಡಿದಳು.

“ಬನ್ನಿ ಬನ್ನಿ, ಅಂದು ಹೇಗಿತ್ತು ಅಂತ ಮೊದಲು ನೋಡೋಣ,” ಎಂದು ಕಾರ್ಯದರ್ಶಿ ಮೈಕಿನಲ್ಲಿ ಹೇಳಿದ. “ನಮ್ಮ ಮೇಷ್ಟ್ರು ಎಂಥವರು ಅಂದ್ರೆ, ಇವರ ಚೆಂಡು ಬಂದು ತಲುಪೋದರೊಳಗೆ ಒಂದು ಚಹಾ ಕುಡೀಬಹುದು.”

ಜನ ನಕ್ಕರು. ಮೇಷ್ಟ್ರು ಹಿಂದಿನ ಗೆರೆಯ ಮೇಲೆ ನಿಂತರು. ಪಕ್ಕದಲ್ಲಿ ಚೆಂಡಿನ ಬುಟ್ಟಿ. ಎದುರಿಗೆ ಆಡಲು ಹಲ್ಲಿನ ಡಾಕ್ಟರಮ್ಮನನ್ನು ಕರೆದಿದ್ದರು. ಅವಳ ಮೊಣಕೈಗೂ ಈಗ ಕಪ್ಪು ಪಟ್ಟಿ. ಎಂಟನೆಯದು.

“ಮೇಷ್ಟ್ರೇ, ಮೆಲ್ಲಗೆ ಕೊಡಿ ಪ್ಲೀಸ್,” ಎಂದಳು ನೆಟ್ಟಿನಾಚೆಯಿಂದ, ನಗುತ್ತ, ಗುಟ್ಟು ಹೇಳುವವಳಂತೆ. “ಎರಡು ವಾರದಿಂದ ಹಲ್ಲು ಕೀಳೋಕೂ ಆಗ್ತಿಲ್ಲ ಈ ಕೈಯಲ್ಲಿ. ನೀವು ಎಂದಿನ ಹಾಗೆ ಕೊಡಿ, ಅದಾದ್ರೆ ಹೊಡೀಬಲ್ಲೆ.”

ಎಂದಿನ ಹಾಗೆ.

ಯಾವುದನ್ನು ಗೋಡೆಯ ಮೇಲೆ ಹಾಕಿ ತಪ್ಪು ಎಂದು ಬರೆದರೋ, ನಲವತ್ತು ಜನ ಯಾವುದನ್ನು ನೋಡಿ ನಕ್ಕರೋ, ಅದನ್ನೇ ಕೊಡಿ ಎನ್ನುತ್ತಿದ್ದಾರೆ. ಮೆಲ್ಲಗೆ, ಎಂದಿನ ಹಾಗೆ. ಅದು ಬೇಡವೆಂದು ಇಲ್ಲಿ ಯಾರೂ ಹೇಳಿಲ್ಲ. ಅದೂ ಬೇಕು, ಅದು ತಪ್ಪಾಗಿತ್ತು ಎಂದು ಮೇಷ್ಟ್ರ ಬಾಯಿಂದಲೇ ಹೇಳಿಸಿಕೊಳ್ಳುವುದೂ ಬೇಕು. ಕೈ ತೆಗೆದುಕೊಂಡರು, ತಲೆ ತೆಗೆದರು, ಈಗ ಉಳಿದದ್ದು ನಾಲಗೆ.

“ಮೇಷ್ಟ್ರೇ, ಶುರು ಮಾಡಿ. ನಾಲ್ಕು ಚೆಂಡು, ಆಮೇಲೆ ಆ ಮಾತು,” ಎಂದ ಕಾರ್ಯದರ್ಶಿ, ಮೈಕನ್ನು ಅಂಗೈಯಿಂದ ಮುಚ್ಚಿ.

ಎಡಗೈ ಆಗಲೇ ಬುಟ್ಟಿಯಿಂದ ಚೆಂಡು ಎತ್ತಿತ್ತು. ಬಲತೋಳು ತಾನಾಗಿಯೇ ಹಿಂದಕ್ಕೆ ಹೊರಟಿತ್ತು, ಅರ್ಧದವರೆಗೆ, ಅಷ್ಟೇ. ಡಾಕ್ಟರಮ್ಮನ ಬಲಗಡೆಯ ಒಂದೂವರೆ ಹೆಜ್ಜೆಯ ಜಾಗ ಕಣ್ಣು ಮುಚ್ಚಿದರೂ ಕಾಣುವಷ್ಟು ಸ್ಪಷ್ಟವಾಗಿತ್ತು. ಇವರನ್ನು ಕೇಳದೆಯೇ ಕೈ ಕೆಲಸ ಶುರುಮಾಡಿತ್ತು. ಅದನ್ನು ಕಂಡ ಮೇಷ್ಟ್ರು ಚೆಂಡನ್ನು ಬಿಟ್ಟು, ಎಡಗೈಯಿಂದ ತಮ್ಮ ಬಲ ಮಣಿಕಟ್ಟನ್ನು ಗಬಕ್ಕನೆ ಹಿಡಿದುಕೊಂಡರು. ಓಡಿಹೋಗುವ ಮಗುವಿನ ರಟ್ಟೆ ಹಿಡಿದಂತೆ.

ಚೆಂಡು ನೆಲಕ್ಕೆ ಬಿದ್ದು, ಮೂರು ಸಲ ಪುಟಿದು, ಉರುಳಿಕೊಂಡು ಹೋಗಿ ನೆಟ್ಟಿಗೆ ತಾಗಿ ನಿಂತಿತು. ಜನರ ನಗೆ ಅಲ್ಲೊಂದು ಇಲ್ಲೊಂದು ಎದ್ದು, ಯಾಕೋ ಮುಂದುವರಿಯಲಿಲ್ಲ.

“ಏನಾಯ್ತು ಮೇಷ್ಟ್ರೇ?” ಡಾಕ್ಟರಮ್ಮ ರ‍್ಯಾಕೆಟ್ಟು ಇಳಿಸಿದಳು. “ಕೈ ನೋವಾ?”

“ಬುಟ್ಟಿಯಲ್ಲಿ ಇನ್ನೂ ಇದೆಯಲ್ಲ, ಇನ್ನೊಂದು ತಗೊಳ್ಳಿ,” ಎಂದ ಕಾರ್ಯದರ್ಶಿ. ಮೈಕಿಗೆ ಅಡ್ಡ ಹಿಡಿದಿದ್ದ ಕೈ ಜಾರಿತ್ತು. ಮಾತು ಇಡೀ ಕೋರ್ಟಿಗೆ ಕೇಳಿಸಿತು. “ಚೆಂಡು ಕೊಡಿ ಮೇಷ್ಟ್ರೇ. ಎಲ್ಲರೂ ಕಾಯ್ತಿದ್ದಾರೆ.”

ಮೇಷ್ಟ್ರು ಮಣಿಕಟ್ಟನ್ನು ಬಿಡಲಿಲ್ಲ.

“ಕೊಡಲ್ಲ,” ಎಂದರು.